ಹಿಂದಿನ ಸೀಟಿನ ಅಳತೆ

ಇದನ್ನು ಹೇಳುವ ಹಕ್ಕು ನನಗಿದೆಯೋ ಇಲ್ಲವೋ. ಹೇಳುತ್ತಿರುವುದಕ್ಕೆ ಮೊದಲೇ ಕ್ಷಮೆ ಕೇಳುತ್ತೇನೆ.

ಮರಳಿನ ತಟ್ಟೆಯನ್ನು ನೋಡಿದ ಕೂಡಲೇ ಅಂಬಾದಾಸನಿಗೆ ಖಾತ್ರಿಯಾಯಿತು. ಗಿರಾಕಿ ಗುರುರಾಜ ಈಗ ಕರೆತಂದ ಇವಳು ಬೇರೆ ಹೆಂಗಸು.

ಹೈದರಾಬಾದಿನ ಮೆಹದಿಪಟ್ಟಣಂ ಬಸ್ ನಿಲ್ದಾಣದ ಹಿಂದಿನ ಗಲ್ಲಿಯಲ್ಲಿ ಅವನದು ಮೋಟರ್ ಸೈಕಲ್ ಸೀಟು ಕಟ್ಟುವ ಅಂಗಡಿ. ಹೈಟೆಕ್ ಸಿಟಿಯಲ್ಲಿ ಗಾಜಿನ ಕಟ್ಟಡಗಳು ಎದ್ದ ಮೇಲೆ, ಶನಿವಾರ ಬಂತೆಂದರೆ ದೂರದೂರ ಗಾಡಿ ಓಡಿಸುವವರು ಹೆಚ್ಚಿದ್ದರು. ಗಾಡಿಯ ಜೊತೆ ಬಂದ ಸೀಟು ಕಿತ್ತುಹಾಕಿ, ಹೊಸದು ಕಟ್ಟಿಸಲು ಅವನ ಹತ್ತಿರ ಬರುತ್ತಿದ್ದರು. ಅಳತೆಗೆ ಅವನು ಟೇಪು ಹಿಡಿಯುತ್ತಿರಲಿಲ್ಲ. ಸೀಟಿನ ಜಾಗದಲ್ಲಿ ಒದ್ದೆ ಮರಳಿನ ತಟ್ಟೆ ಇಟ್ಟು, ಗಿರಾಕಿಯನ್ನು ಅದರ ಮೇಲೆ ಕೂರಿಸುತ್ತಿದ್ದ. ಮೂಡಿದ ತಗ್ಗಿಗೆ ಸರಿಯಾಗಿ ರಟ್ಟು ಕತ್ತರಿಸಿ, ಅದರ ಮೇಲೆ ಹೆಸರು, ಊರು ಬರೆದು ಮೊಳೆಗೆ ತೂಗುಹಾಕುತ್ತಿದ್ದ. ಮುಖಗಳು ಅವನಿಗೆ ನೆನಪಿರುತ್ತಿರಲಿಲ್ಲ. ಧೂಳಿಗೆ ಹೆಂಗಸರೆಲ್ಲ ಮುಖಕ್ಕೆ ದುಪಟ್ಟಾ ಸುತ್ತಿ, ಕಣ್ಣಷ್ಟೇ ಬಿಟ್ಟುಕೊಂಡು ಬರುವ ಊರು. ಮರಳಿನ ಮೇಲೆ ಮಾತ್ರ ಅವನಿಗೆ ಪೂರ್ತಿ ಭರವಸೆ.

ಇದೇ ಗುರುರಾಜ ವರ್ಷದ ಹಿಂದೆ ಹೆಂಡತಿ ಮಾನಸಾಳನ್ನು ಕರೆತಂದಿದ್ದ. ದುಪಟ್ಟಾದ ಒಳಗಿಂದಲೇ ಗಲಗಲ ನಗುವ, ತುಂಬಿದ ಮೈಯ ಹೆಂಗಸು. ತಟ್ಟೆಯ ತುಂಬ ತಗ್ಗು ಬಿದ್ದಿತ್ತು. "ಸಣ್ಣಾಕಿದ್ದಾಗ ಮಾಳಗಿ ಮ್ಯಾಲಿಂದ ಬಿದ್ದೀನ್ರಿ ಕಾಕಾ. ನಮ್ಮ ತಕ್ಕಡಿ ಒಂದೇ ಕಡಿ ಜಗ್ಗತದ, ನೋಡಿ ಹೊಲೀರಿ" ಎಂದಿದ್ದಳು. ಯಾವೂರೆಂದು ಕೇಳಿದರೆ ತವರು ಬೀದರ್. ಅಂಬಾದಾಸ ಭಾಲ್ಕಿಯವನು. ನಮ್ಮ ಕಡೆಯ ಮಗಳೆಂದು ಒಂದು ಪದರು ಫೋಮು ಹೆಚ್ಚಿಗೆ ಹಾಕಿಕೊಟ್ಟಿದ್ದ.

ಈಗ ಬಂದವಳು ಮಾತೇ ಆಡಲಿಲ್ಲ. ದುಪಟ್ಟಾದ ಮೇಲೆ ಕಪ್ಪು ಕನ್ನಡಕ, ಕೈಗೆ ಗ್ಲೌಸು. ಗುರುರಾಜ ನಡುಬೀದಿಯಲ್ಲೇ ಅವಳನ್ನು ಎರಡೂ ಕೈಯಿಂದ ಎತ್ತಿ ತಟ್ಟೆಯ ಮೇಲೆ ಕೂರಿಸಿದ, ಎತ್ತಿಯೇ ಇಳಿಸಿದ. ಅಂಬಾದಾಸ ನಾಚಿಕೆಯಿಂದ ಮುಖ ತಿರುಗಿಸಿಕೊಂಡ. ಮರಳಿನಲ್ಲಿ ಶಾಲೆಯ ಹುಡುಗಿ ಕೂತೆದ್ದಷ್ಟು ಸಣ್ಣ ತಗ್ಗು. ಬಲಗಡೆ ತುಸು ಕುಸಿದಿತ್ತು, ನೀರು ಹೆಚ್ಚಾಗಿರಬೇಕೆಂದುಕೊಂಡ.

ಅವಳನ್ನು ಪಕ್ಕದ ಚಹಾ ಅಂಗಡಿಯ ಬೆಂಚಿನಲ್ಲಿ ಕೂರಿಸಿ ಬಂದು ಗುರುರಾಜ ದನಿ ತಗ್ಗಿಸಿದ. ಅಬಿಡ್ಸ್‌ನ ಅಂಗಡಿಗಳನ್ನೆಲ್ಲ ಸುತ್ತಿದ್ದನಂತೆ. ಜೆಲ್ ಹಾಕಿದ ಸೀಟು, ಗಾಳಿ ತುಂಬುವ ದಿಂಬು, ಯಾವುದೂ ಒಗ್ಗಲಿಲ್ಲವಂತೆ.

"ಮೊದಲಿನ ಸೀಟು ಈಗ ನಡ್ಯಂಗಿಲ್ರಿ. ವಾರಕ್ಕೊಮ್ಮೆ ದೂರ ಹೋಗೂದದ, ಬಸ್ಸು ಈಕಿಗಿ ಆಗಂಗಿಲ್ಲ. ಭಾಳ ಮೆತ್ತಗಿರಬೇಕು. ಮತ್ತ, ಈಕಿ ಮುಂದ ಹಳೀ ಅಳತಿ ಮಾತು ತಗೀಬ್ಯಾಡ್ರಿ."

"ನಾ ಯಾಕ ತಗೀಲ್ರಿ" ಎಂದ ಅಂಬಾದಾಸ.

ಒಳಗೆ ಹೊಲಿಗೆ ಯಂತ್ರದ ಮುಂದೆ ಮಗಳು ಗಂಗಾ ಕೂತಿದ್ದಳು. ಗಂಡ ಇನ್ನೊಬ್ಬಳನ್ನು ಇಟ್ಟುಕೊಂಡನೆಂದು ಮೂರು ವರ್ಷದ ಹಿಂದೆ ತವರಿಗೆ ಮರಳಿದವಳು. ಆ ಇನ್ನೊಬ್ಬಳನ್ನು ಅಂಬಾದಾಸ ಕಣ್ಣಿನಿಂದ ನೋಡಿರಲಿಲ್ಲ. ಇವತ್ತು ನೋಡಿದ ಹಾಗಾಯಿತು.

ಫೋಮಿನ ಕೆಳಗೆ, ಬೆನ್ನೆಲುಬಿನ ತುದಿ ಸರಿಯಾಗಿ ಬರುವ ಕಡೆ, ಎರಡು ಬೆರಳಗಲದ ಸಾಗವಾನಿ ಪಟ್ಟಿ ಇಟ್ಟ. ಕೈಯಿಂದ ಒತ್ತಿದರೆ ಗೊತ್ತಾಗದು. ಮೊದಲ ಒಂದು ತಾಸು ಹತ್ತಿಯ ಗಾದಿ. ಫೋಮು ಕುಗ್ಗಿದ ಮೇಲೆ ಎಲುಬಿಗೆ ಕಟ್ಟಿಗೆ.

ಗಂಗಾ ನೋಡಿದಳು. ಇದೇನೆಂದು ಕೇಳಿದಳು. ಆಧಾರಕ್ಕೆ ಎಂದ. ಗುರುರಾಜ ಹೆಂಡತಿಯನ್ನು ಬಿಟ್ಟು ಇನ್ನೊಬ್ಬಳನ್ನು ಕರೆತಂದ ವಿಷಯವನ್ನೂ ಹೇಳಿದ. ಅವಳು ರೆಕ್ಸಿನ್ನನ್ನು ಕೆಳಗಿಟ್ಟಳು.

"ಹಂಗಿದ್ರ ಆ ಗಂಡಸಿನ ಸೀಟಿನ್ಯಾಗೂ ಒಂದಿಡಪ್ಪ. ಈಕಿಗಷ್ಟೇ ಯಾಕ ಆಧಾರ?"

ಅವನು ರೆಕ್ಸಿನ್ನನ್ನು ತನ್ನ ಕಡೆಗೆ ಎಳೆದುಕೊಂಡ. ಆ ಸೀಟನ್ನು ತಾನೇ ಹೊಲಿದ.

ನಾಲ್ಕು ತಿಂಗಳ ಮೇಲೆ ಗುರುರಾಜ ಒಬ್ಬನೇ ಬಂದ. ಗಡ್ಡ ಬೆಳೆದಿತ್ತು. ಹಿಂದಿನ ಸೀಟು ತೆಗೆದು, ಸಾಮಾನು ಕಟ್ಟಲು ಕ್ಯಾರಿಯರ್ ಹಾಕಿಕೊಡಿ ಎಂದ.

"ಯಾಕ್ರಿ, ಕುಂಡ್ರವ್ರಿಗಿ ಬ್ಯಾಸರಾತೇನು?"

"ಹನ್ನೊಂದು ಸಲ ಬೀದರಕ್ಕ ಹೋಗಿ ಬಂದ್ವಿ. ಕೆಳಗ ಏನೋ ಒತ್ತತದ ಅಂತ ಮೊದಲ ಸಲ ಅಂದ್ಲು. ಹೊಸದದ, ರೂಢಿ ಆಗತದ ಅಂದೆ."

ಪಟ್ಟಿ ಕೆಲಸ ಮಾಡಿತ್ತು. ಅಂಬಾದಾಸನಿಗೆ ಒಳಗೊಳಗೇ ತಣ್ಣಗಾಯಿತು. ಆ ಧೈರ್ಯದ ಮೇಲೆ ಕೇಳಿಯೂ ಕೇಳಿದ: ಮೊದಲೊಮ್ಮೆ ಬಂದಿದ್ದರಲ್ಲ, ದುಪಟ್ಟಾದೊಳಗೇ ನಗುತ್ತಿದ್ದರಲ್ಲ, ಅವರು ಹೇಗಿದ್ದಾರೆ?

ಗುರುರಾಜ ಗಾಡಿಯ ಕೀಲಿ ತೆಗೆದು ಅವನ ಕೈಗಿಟ್ಟ. "ಆಕಿ ನಗೂದು ನೆನಪಿಟ್ಟೀರಲ್ರಿ" ಎಂದ. "ಮಾನಸಾ ಬ್ಯಾನಿ ಬಿದ್ದು ತೀರಿಕೊಂಡು ಇಪ್ಪತ್ತು ದಿನ ಆತು."

ಗಾಡಿ ಅಲ್ಲೇ ಬಿಟ್ಟು, ಸಂಜೆ ಬರುವೆನೆಂದು ಹೊರಟುಹೋದ.

ಅಂಬಾದಾಸ ಸಿಟ್ಟಿನಿಂದ ಕತ್ತರಿ ಎತ್ತಿಕೊಂಡ. ಹೆಂಡತಿ ಮನೆಯಲ್ಲಿ ಸಾಯುತ್ತಿರುವಾಗ ಇವನು ಇನ್ನೊಬ್ಬಳನ್ನು ಹಿಂದೆ ಕೂರಿಸಿಕೊಂಡು ತಿರುಗಿದ್ದಾನೆ. ಸೀಟು ಹರಿದು ಪಟ್ಟಿಯನ್ನು ಹೊರಗೆಳೆದ. ನಡುವೆ ಕೈ ನಿಂತಿತು. ಬೀದರ್. ಹೆಂಡತಿಯ ತವರಿಗೇ ಯಾರಾದರೂ ಇನ್ನೊಬ್ಬಳನ್ನು ಕರೆದೊಯ್ಯುತ್ತಾರೆಯೇ? ಊರು ತನಗೇ ತಪ್ಪಾಗಿ ನೆನಪಿರಬೇಕೆಂದು ಮೊಳೆಯಿಂದ ರಟ್ಟುಗಳನ್ನು ಇಳಿಸಿದ. ದೊಡ್ಡದರ ಮೇಲೆ ತನ್ನದೇ ಅಕ್ಷರ: ಮಾನಸಾ, ಬೀದರ್. ಸಣ್ಣ ರಟ್ಟಿನ ಮೇಲೆ ಹೆಸರೇ ಬರೆದಿರಲಿಲ್ಲ. ಅದನ್ನು ದೊಡ್ಡದರ ಮೇಲಿಟ್ಟು ಬೆಳಕಿಗೆ ಹಿಡಿದ.

ಎರಡೂ ಬಲಕ್ಕೆ ಜಗ್ಗಿದ್ದವು. ಅದೇ ಅರ್ಧ ಇಂಚು.

ಸಂಜೆ ಗುರುರಾಜನಿಗೆ ಅವನು ಏನು ಹೇಳಿದನೋ ನನಗೆ ಗೊತ್ತಿಲ್ಲ. ಒಂದು ಸಲ ಹೇಳಿದವಳು ಉಳಿದ ಹತ್ತು ಸಲ ಆ ಪಟ್ಟಿಯ ಮೇಲೆ ಯಾಕೆ ಸುಮ್ಮನೆ ಕೂತಳೋ, ಅದೂ ಗೊತ್ತಿಲ್ಲ.