ಎದುರು ಬದಿಯ ತೂಕ

ತಿರುಗುತ್ತಲೇ ಹಾಯಿದೋಣಿ ವಾಲಿತು. ತೀರಿಕೊಂಡ ಹೆಂಡತಿ ಕೂರುತ್ತಿದ್ದ ಜಾಗದಲ್ಲಿ ಮುದುಕರು ತೂಕಕ್ಕೆಂದು ಇಟ್ಟಿದ್ದ ನೀರಿನ ಕ್ಯಾನು ಅಲ್ಲಾಡದೆ ಕೂತಿತ್ತು.

“ಕ್ಯಾನು ತಾನಾಗೇ ಎದ್ದು ಆ ಕಡೆ ಹೋಗುತ್ತೆ ಅಂದ್ಕೊಂಡ್ರಾ ಮಾವ?” ಎಂದಳು ಸೊಸೆ. ನೀರೆಂದರೆ ನಡುಗುವ ಅವಳು, ಅವರನ್ನು ಒಬ್ಬರನ್ನೇ ಬಿಡಬಾರದೆಂದು ಬಂದಿದ್ದಳು.

“ದೋಣಿ ತಿರುಗಿದಾಗೆಲ್ಲ ನಿಮ್ಮತ್ತೆ ಎದುರು ಬದಿಗೆ ಹೋಗ್ತಿದ್ದಳು ಕಣಮ್ಮ. ಇದು ಒಬ್ಬನ ಕೈಲಾಗೋದಲ್ಲ. ದೇವರಿಟ್ಟಂಗಾಗಲಿ, ದೋಣಿ ಮಾರಿಬಿಡ್ತೀನಿ.” ದಡದ ಕಡೆಗೆ ಚುಕ್ಕಾಣಿ ತಿರುಗಿಸುವಾಗ ಬಾಯಿ ಹಳೆಯ ರೂಢಿಯಲ್ಲೇ ಕೂಗಿತು: “ತಲೆ ಬಗ್ಗಿಸೇ!”

ಸೊಸೆ ಬಗ್ಗಿದಳು. ಹಾಯಿಯ ಅಡ್ಡಗೋಲು ಅವಳ ತಲೆಯ ಮೇಲಿಂದ ಹಾದುಹೋಯಿತು. ಕಣ್ಣು ಮುಚ್ಚಿಕೊಂಡೇ ಅವಳು ಎದುರು ಬದಿಗೆ ತೆವಳಿ ಕುಳಿತಳು. ದೋಣಿ ನೆಟ್ಟಗಾಯಿತು.

“ಇನ್ನು ಆ ಕ್ಯಾನು ಯಾಕೆ ಮಾವ?”

ಮುದುಕರು ಮುಚ್ಚಳ ತಿರುಚಿ, ನಿಧಾನವಾಗಿ ನೀರನ್ನು ನೀರಿಗೇ ಬಿಟ್ಟರು.