ಬಚ್ಚಲಿನ ಕತ್ತಲಲ್ಲಿ ಅಜ್ಜಿಯ ಫೋಟೊ

ವಿನೆಗರ್ ವಾಸನೆ ಮೂಗಿಗೆ ಬಡಿದರೆ ಈಗಲೂ ನನ್ನ ಕಾಲು ನಿಂತಲ್ಲಿ ನಿಲ್ಲುವುದಿಲ್ಲ.

ವಿಲ್ಲಿಂಗ್ಡನ್ ಐಲ್ಯಾಂಡಿನ ನಮ್ಮ ಬಂದರು ಕ್ವಾರ್ಟರ್ಸಿನಲ್ಲಿ ಅಪ್ಪ ಬಚ್ಚಲಿನ ಕಿಟಕಿಗೆ ಬೆಳಕು ಬೀಳದಂತೆ ಕಂಬಳಿ ಕಟ್ಟಿ, ಆ ವಾಸನೆಯ ಮದ್ದಿನಲ್ಲಿ ಫಿಲ್ಮು ತೊಳೆಯುತ್ತಿದ್ದರು. ಫೋಟೊ ತೆಗೆಸಿಕೊಂಡರೆ ಆಯುಷ್ಯ ಕಡಿಮೆಯಾಗುತ್ತದೆಂದು ಜನ್ಮವಿಡೀ ತಪ್ಪಿಸಿಕೊಂಡಿದ್ದ ಅಜ್ಜಿ, ಕಾಸರಗೋಡಿನಿಂದ ಬಂದಿದ್ದ ಆ ಸಲ ಮಾತ್ರ ಅಪ್ಪನ ಡಬ್ಬಿ ಕ್ಯಾಮೆರಾದ ಮುಂದೆ ಕೂತಿದ್ದಳು. ಸಂಜೆ ಅವಳು ಊರಿಗೆ ಹೊರಡಬೇಕಿತ್ತು.

“ಆಯ್ತಾ ಕೇಳಿ ಬಾ ಮಗಾ,” ಎಂದು ಅಜ್ಜಿ ಜಗಲಿಯಿಂದ ನನ್ನನ್ನು ಅಟ್ಟುತ್ತಿದ್ದಳು.

“ಬಾಗಿಲು ಮುಟ್ಟಬೇಡ!” ಎಂದು ಅಪ್ಪ ಒಳಗಿಂದ ಕೂಗುತ್ತಿದ್ದರು.

ನಾಲ್ಕು ಸಲ ಓಡಾಡಿದೆ. ಐದನೆಯ ಸಲ ತಡೆಯಲಾರದೆ ಬಾಗಿಲು ದೂಡಿಬಿಟ್ಟೆ. ಮಧ್ಯಾಹ್ನದ ಬಿಸಿಲು ನೇರ ಫಿಲ್ಮಿನ ಮೇಲೆ ಬಿತ್ತು.

ಅಪ್ಪ ಬೈಯಲಿಲ್ಲ. ಎಂದಿನಂತೆ ಅದನ್ನು ತೊಳೆದು, ಒಣಗಿಸಿ, ಅಜ್ಜಿಯ ಕೈಗಿತ್ತರು. ತುದಿಯಿಂದ ತುದಿಯವರೆಗೆ ಮಸಿಯಂತೆ ಕಪ್ಪಾಗಿತ್ತು. “ಬೆಳಕು ಬಿದ್ದು ಎಲ್ಲ ಹೋಯ್ತಮ್ಮಾ,” ಎಂದರು.

ಅಜ್ಜಿ ಕನ್ನಡಕ ಹಾಕಿಕೊಂಡು ಫಿಲ್ಮನ್ನು ಬಿಸಿಲಿಗೆ ಹಿಡಿದಳು. ಬಹಳ ಹೊತ್ತು ನೋಡಿದಳು. ಆಮೇಲೆ ಕಂಬದ ಹಿಂದೆ ಅಡಗಿದ್ದ ನನ್ನನ್ನು ನೋಡಿದಳು.

“ಎಂತ ಹೋದದ್ದು? ಚಂದ ಬಂದಿದೆ,” ಎಂದಳು. “ನನ್ನ ಕಿವಿಯ ಓಲೆ ಸಮೇತ ಕಾಣ್ತದೆ.”