ಬ್ರೇಕಿನ ಗುರುತು

ಮೂರನೆಯ ಸುತ್ತಿನ ಕೊನೆಯ ಕಾರು ತಿರುವಿನಲ್ಲಿ ಮರೆಯಾದದ್ದೇ ತಡ, ಚೆಸಿದಿಯಾ ಅಜ್ಜಿ ಸುಲಿಯುತ್ತಿದ್ದ ಕಾಳನ್ನು ಬುಟ್ಟಿಗೆ ಸುರಿದು ಎದ್ದಳು. ಹುಲ್ಲಿನ ಪೆಂಡಿಗಳ ಹಿಂದಿದ್ದ ಕುರ್ಚಿಯನ್ನು ಎತ್ತಿಕೊಂಡು, ಕಾರುಗಳು ಬರುವ ದಿಕ್ಕಿಗೆ ಎಣಿಸಿ ಐದು ಹೆಜ್ಜೆ ನಡೆದು, ಅಲ್ಲಿಟ್ಟು ಕುಳಿತಳು. ಸುಣ್ಣ ಬಳಿದ ಆ ಉದ್ದನೆಯ ಗೋಡೆಯ ಮುಂದೆ ಅವಳ ಕಪ್ಪು ಉಡುಪು ಬಹು ದೂರಕ್ಕೂ ಎದ್ದು ಕಾಣುತ್ತಿತ್ತು.

"ಏನಜ್ಜಿ, ಮತ್ತೆ ಎದ್ರಾ?" ಎಂದ ತಿರುವಿನ ಕಾವಲಿಗೆ ಹಾಕಿದ್ದ ಪೊಲೀಸಿನವನು, ಎಜಿದಿಯೊ.

"ಬಿಸಿಲು ಕಣಪ್ಪ. ನೆರಳಿಗೆ ಹೋಗ್ತಿದೀನಿ."

"ನೆರಳಿರೋದು ಆ ಕಡೆ!"

"ನಂಗೇನು ಅವಸರ? ಇಲ್ಲಿಗೇ ಬರುತ್ತೆ, ಕಾಯ್ತೀನಿ."

ಇಟಲಿಯ ನಮ್ಮ ಅಬ್ರುತ್ಸೊ ಸೀಮೆಯಲ್ಲಿ ಆಗ ರೇಸಿಗೆಂದೇ ಕಟ್ಟಿದ ರಸ್ತೆ ಇರಲಿಲ್ಲ. ನಿನ್ನೆ ಕತ್ತೆ ಹೋದ ದಾರಿಯಲ್ಲೇ ಇವತ್ತು ಕಾರು. ಗುಡ್ಡದ ಹಳ್ಳಿಗಳನ್ನೆಲ್ಲ ಹಾದು, ಸಮುದ್ರದ ದಂಡೆಗಿಳಿದು, ಮತ್ತೆ ಇಲ್ಲಿಗೇ ಬರಲು ಹತ್ತು ನಿಮಿಷ ಬೇಕು. ಎಲ್ಲಿ ಬ್ರೇಕ್ ಒತ್ತಬೇಕೆಂದು ಹೇಳುವ ಫಲಕವೂ ಇಲ್ಲ. ಓಡಿಸುವವರು ತಮತಮಗೆ ಕಂಡ ಮರವನ್ನೋ ಬಾವಿಕಟ್ಟೆಯನ್ನೋ ಗುರುತಿಟ್ಟುಕೊಳ್ಳಬೇಕು. ಗುರುವಾರ ಊಟದ ಹೊತ್ತಿನಲ್ಲಿ ಮೊಮ್ಮಗ ಬೆರಾರ್ದಿನೊ ಬಾಯಿ ತುಂಬ ಪಾಸ್ತಾ ಇಟ್ಟುಕೊಂಡೇ ಹೇಳಿದ್ದ: "ಅಜ್ಜಿ, ನೀನು ದಿನಾ ಕೂರೋ ಜಾಗ ಇದ್ಯಲ್ಲ, ಅದೇ ನನ್ನ ಗುರುತು. ನಿನ್ನ ಪಕ್ಕಕ್ಕೆ ಬಂದೆ ಅಂದ್ರೆ ಬ್ರೇಕು. ಭಾನುವಾರ ಮಾತ್ರ ಅಲ್ಲಾಡಬೇಡ ತಾಯಿ."

ಅಜ್ಜಿಯ ಮುಂದೆ ಹೇಳುವ ಮಾತೇ ಅದು? ಗೆದ್ದರೆ ಉತ್ತರದ ಕಾರು ಕಾರ್ಖಾನೆಯವರು ಅವನನ್ನು ತಮ್ಮಲ್ಲಿಗೆ ಕರೆದೊಯ್ಯುವವರಿದ್ದರು. ಸೋತರೆ ರೇಸಿನ ಹುಚ್ಚು ಬಿಟ್ಟು ಊರಲ್ಲೇ ಟ್ರಾಕ್ಟರ್ ರಿಪೇರಿ ಮಾಡಿಕೊಂಡಿರುತ್ತೇನೆಂದು ಸಂತ ಅಂತೋನಿಯ ಪಟ ಮುಟ್ಟಿ ಆಣೆ ಇಟ್ಟಿದ್ದ. ಹಿಂದಿನ ವರ್ಷ ಹಾಗೆ ಉತ್ತರಕ್ಕೆ ಹೋದ ಪಕ್ಕದೂರಿನ ಹುಡುಗ ಪೆಟ್ಟಿಗೆಯಲ್ಲಿ ಮರಳಿದ್ದ. ಅಜ್ಜಿಗೆ ಮೊಮ್ಮಗ ಸೋಲಬೇಕಿತ್ತು, ಆದರೆ ಮೈಮೇಲೆ ಒಂದು ಗೀರೂ ಬೀಳದೆ. ಪ್ರತಿ ಸುತ್ತಿಗೂ ಐದು ಹೆಜ್ಜೆ ಮೊದಲೇ ಬ್ರೇಕ್ ಒತ್ತಿದರೆ ಯಾರ ಗಂಟು ಹೋಗುತ್ತದೆ?

ಮತ್ತೆ ಕಾರುಗಳು ಬಂದವು. ಎಂಜಿನ್ನುಗಳಲ್ಲಿ ಸುಟ್ಟ ಹರಳೆಣ್ಣೆಯ ವಾಸನೆ, ಧೂಳು, ಎದೆ ನಡುಗಿಸುವ ಸದ್ದು. ಕೆಂಪು ಕಾರುಗಳೇ ಆರೇಳಿದ್ದವು. ಎಲ್ಲರಿಗೂ ಕನ್ನಡಕ, ಎಲ್ಲರ ಮುಖಕ್ಕೂ ಮಸಿ; ತನ್ನವನು ಯಾರೆಂದು ಅವಳಿಗೆ ಗುರುತು ಹತ್ತಲಿಲ್ಲ. ಒಂದರ ಹಿಂದೊಂದು ಕಾರು ಅವಳ ನೇರಕ್ಕೆ ಬಂದು ಕಿರ್ರೆಂದು ನಿಧಾನವಾಗುತ್ತಿತ್ತು. ಇವರಲ್ಲೊಬ್ಬ ಅವನೇ ಎಂದು ಅಜ್ಜಿ ಒಳಗೊಳಗೇ ನಕ್ಕಳು. ಒಂದೇ ಒಂದು ಕಾರು ಮಾತ್ರ ಅವಳನ್ನು ಲೆಕ್ಕಕ್ಕೇ ಇಡದೆ ಬೊಬ್ಬೆ ಹೊಡೆಯುತ್ತ ದಾಟಿ, ಎಷ್ಟೋ ಮುಂದೆ, ಕಮ್ಮಾರನ ಮನೆಯ ಹತ್ತಿರ ಹೋಗಿ ಕಿರುಚಿತು.

"ನೋಡಿದ್ರಾ ಅವನ್ನ! ಎಂಟೆದೆ ಬಂಟ!" ಎಜಿದಿಯೊ ಚಪ್ಪಾಳೆ ತಟ್ಟಿದ.

"ಎಂಟೆದೆನೂ ಇಲ್ಲ, ಮಣ್ಣೂ ಇಲ್ಲ. ಮನೇಲಿ ಹೇಳೋರು ಕೇಳೋರು ಯಾರೂ ಇಲ್ಲ ಅಷ್ಟೇ. ಅವನ ಅಜ್ಜಿ ಎಲ್ಲಿ ಕೂತು ಕಣ್ಣೀರಿಡ್ತಿದಾಳೋ, ಪಾಪ!" ಎಂದ ಅಜ್ಜಿ, ಕಾಣದ ಆ ಹೆಂಗಸಿಗಾಗಿ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡು, ಕುರ್ಚಿ ಎತ್ತಿ ಇನ್ನೈದು ಹೆಜ್ಜೆ ನಡೆದಳು.

ಹದಿನೆಂಟನೆಯ ಸುತ್ತಿನ ಹೊತ್ತಿಗೆ ಅವಳು ಗೋಡೆಯ ಆ ಕೊನೆ ಮುಟ್ಟಿದ್ದಳು. ಎಜಿದಿಯೊ ಬಾಯಿಗೆ ಕೈ ಅಡ್ಡ ಹಿಡಿದು ಕೂಗಿದ: "ಅಜ್ಜೀ, ಹಿಂಗೇ ಹೋದ್ರೆ ಸಂಜೆಗೆ ಪಕ್ಕದೂರು ಸೇರ್ತೀರಾ!"

ರೇಸು ಮುಗಿದು ರಸ್ತೆ ತೆರೆದ ಮೇಲೆ ಬೆರಾರ್ದಿನೊ ಅಲ್ಲಿಗೇ ಬಂದ. ಮುಖವೆಲ್ಲ ಮಸಿ, ಕಣ್ಣಿನ ಸುತ್ತ ಮಾತ್ರ ಎರಡು ಬಿಳಿ ಬಳೆ. ಹೆಗಲ ಮೇಲೆ ಎಲೆಯ ಹಾರ.

"ಸೋತೋರಿಗೂ ಹಾರ ಹಾಕ್ತಾರಾ ಈಗ?" ಎಂದಳು ಅಜ್ಜಿ.

"ಗೆದ್ದೆ ಅಜ್ಜಿ. ಒಂದು ನಿಮಿಷ ಮುಂದೆ!"

ಅವನ ಹಿಂದೆಯೇ ಬಂದಿದ್ದ ಉದ್ದನೆಯ ಇಂಗ್ಲಿಷಿನವನೊಬ್ಬ ಅಜ್ಜಿಯನ್ನು ನೋಡಿದ, ಕುರ್ಚಿಯನ್ನು ನೋಡಿದ, ಗೋಡೆಯ ಈ ತುದಿಯಿಂದ ಆ ತುದಿಯವರೆಗೆ ನೋಡಿದ. ಕೈಯಲ್ಲಿದ್ದ ಟೋಪಿಯನ್ನು ನೆಲಕ್ಕೆ ಬಡಿದು ತನ್ನ ಭಾಷೆಯಲ್ಲಿ ಏನೋ ಕೂಗಿದ.

"ಏನಂತೆ ಇವನಿಗೆ?"

"ನಿನ್ನ ನೋಡ್ಕೊಂಡೇ ಬ್ರೇಕ್ ಹಾಕಿದ್ನಂತೆ. ಇವನೊಬ್ಬನೇ ಅಲ್ಲ, ಅವರೆಲ್ಲಾನೂ. ಆ ಗುರುತು ನಾನೇ ಹೇಳ್ಕೊಟ್ಟಿದ್ದೆ, ಸ್ನೇಹಕ್ಕೆ."

"ಮತ್ತೆ ನೀನು?"

"ನಾನು ಕಮ್ಮಾರನ ಮನೆ ಬಾಗಿಲು ನೋಡ್ಕೊಂಡೆ. ಬಾಗಿಲು ಎದ್ದು ಓಡಾಡಲ್ಲ. ನಿನ್ನ ಜೊತೆ ಇಸ್ಪೀಟಾಡಿ ಬೆಳೆದೋನು ಅಜ್ಜಿ ನಾನು, ನಿನ್ನ ನಂಬ್ತೀನಾ?"

ಎಜಿದಿಯೊ ಮುಖ ತಿರುಗಿಸಿ ಕೆಮ್ಮಿದ. ಅಜ್ಜಿ ಸೊಂಟಕ್ಕೆ ಕಟ್ಟಿದ್ದ ಬಟ್ಟೆಯ ತುದಿಗೆ ಉಗುಳು ಹಚ್ಚಿ ಮೊಮ್ಮಗನ ಕೆನ್ನೆಯನ್ನು, ಚರ್ಮ ಕಿತ್ತು ಬರುವಂತೆ, ಉಜ್ಜತೊಡಗಿದಳು.

"ಯಾವಾಗ ಹೊರಡೋದು?"

"ನಾಳೆ. ಹೆದರಬೇಡ, ಅಲ್ಲಿ ರೇಸಿಗೇ ಅಂತ ಕಟ್ಟಿರೋ ರಸ್ತೆ. ಮನೆ ಇಲ್ಲ, ಮರ ಇಲ್ಲ, ಅಜ್ಜೀರಂತೂ ಇಲ್ವೇ ಇಲ್ಲ. ತಿರುವಿಗೆ ಮುಂಚೆ ಹಲಗೆ ಇಟ್ಟಿರ್ತಾರೆ, ಮುನ್ನೂರು ಮೀಟರು, ಇನ್ನೂರು, ನೂರು ಅಂತ ಬರೆದು. ಯಾರೇ ಆಗ್ಲಿ, ಅದನ್ನ ನೋಡ್ಕೊಂಡೇ ಬ್ರೇಕ್ ಹಾಕಬೇಕು."

ಅಜ್ಜಿಯ ಕೈ ಅವನ ಕೆನ್ನೆಯ ಮೇಲೆ ನಿಂತಿತು. ಅವಳು ಕೇಳಿದಳು:

"ಆ ಹಲಗೆಗಳನ್ನ ನೆಲಕ್ಕೆ ಹೂತಿರ್ತಾರಾ, ಇಲ್ಲಾ ಸುಮ್ನೆ ನಿಲ್ಸಿರ್ತಾರಾ?"